ಪುಸ್ತಕದ ಮಂದೆ, ಬಯಲಿನ ಮಂದೆ

‘ದನ’ ಎಂಬ ನಮ್ಮ ಮಾತು ಸಂಸ್ಕೃತದ ‘ಧನ’ ಶಬ್ದದ ತದ್ಭವ. ಹಸು, ಎತ್ತು, ಎಮ್ಮೆಗಳೇ ಮನುಷ್ಯನ ಮುಖ್ಯ ಸಂಪತ್ತಾಗಿದ್ದ ಕಾಲದ ನೆನಪು ಈ ಒಂದು ಮಾತಿನಲ್ಲಿ ಉಳಿದು ಬಂದಿದೆ. ಪಾಶ್ಚಾತ್ಯ ಭಾಷೆಗಳಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ದನಕರುಗಳಿಗೆ ‘ಕ್ಯಾಟ್ಲ್’ ಎಂದೂ ಬಂಡವಾಳಕ್ಕೆ ‘ಕ್ಯಾಪಿಟಲ್’ ಎಂದೂ ಹೆಸರು. ಈ ಎರಡು ಮಾತುಗಳ ಬೇರು ಒಂದೇ: ತಲೆ ಎಂಬ ಅರ್ಥವುಳ್ಳ ‘ಕಾಪುಟ್’ ಎಂಬ ಲ್ಯಾಟಿನ್ ಶಬ್ದ. ದನಗಳನ್ನು ಇಷ್ಟು ‘ತಲೆ’ ಎಂದು ಎಣಿಸುವ ರೂಢಿ ಅಲ್ಲಿ ಇಂದಿಗೂ ಇದೆ.

ದನವು ತಾನಾಗಿಯೇ ಬೆಳೆಯುವ ಬಂಡವಾಳ. ಹಸು ಕರು ಹಾಕುತ್ತದೆ. ಹೆಣ್ಣುಗರು ಬೆಳೆದು ಹಸುವಾಗಿ ತಾನೂ ಕರು ಹಾಕುತ್ತದೆ. ಹೀಗಿರಲು, ದನ ಕಟ್ಟಲು ನೆಲವಾಗಲಿ ಬಿಡುವಾಗಲಿ ಇಲ್ಲದ ಪಟ್ಟಣಿಗನು ತನ್ನ ಹಣವನ್ನು ದೂರದ ಹುಲ್ಲುಗಾವಲಿನ ಮಂದೆಯಲ್ಲಿ ತೊಡಗಿಸಿ, ಬ್ಯಾಂಕಿನ ಬಡ್ಡಿಯನ್ನು ಎಣಿಸುವಂತೆ ಕರುಗಳನ್ನು ಎಣಿಸಿಕೊಳ್ಳಬಾರದೇಕೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದ ದನದ ತಳಿ ಪಾಲುದಾರಿಕೆಗಳು ಹುಟ್ಟಿದ್ದು ಈ ಆಲೋಚನೆಯಿಂದ.

ವಿಜ್ಞಾನದ ಪತ್ರಿಕೆಯಲ್ಲಿ ಹಣಕಾಸಿನ ವಿಚಾರವೇಕೆ ಎಂದು ಓದುಗರು ಕೇಳಬಹುದು. ಈ ಪಾಲುದಾರಿಕೆಗಳ ಹೊರಮೈ ಕಾನೂನಿನದು, ಲೆಕ್ಕಪತ್ರದ್ದು. ಆದರೆ ಒಳಗಿನ ತಿರುಳು ವಿಜ್ಞಾನಕ್ಕೆ ಸೇರಿದುದು. ಜೀವಿಗಳ ಸಂಖ್ಯೆ ಹೇಗೆ ವೃದ್ಧಿಯಾಗುತ್ತದೆ, ಕಾಗದದ ಮೇಲೆ ಲೆಕ್ಕ ಹಾಕಿದ ಸಂಖ್ಯೆಯನ್ನು ಬಯಲಿನಲ್ಲಿ ನಿಂತು ಪರೀಕ್ಷಿಸುವ ಬಗೆ ಯಾವುದು ಎಂಬ ಎರಡು ಪ್ರಶ್ನೆಗಳ ಮೇಲೆ ಈ ವ್ಯವಹಾರದ ಕಟ್ಟಡವೆಲ್ಲ ನಿಂತಿದೆ. ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದವರು ತೆತ್ತ ಬೆಲೆ ಎಷ್ಟೆಂಬುದನ್ನೂ ನಾವು ಮುಂದೆ ನೋಡಲಿದ್ದೇವೆ.

ಪಾಲಿಗೆ ಸಾಕುವ ಪದ್ಧತಿ

ಒಬ್ಬನ ದನವನ್ನು ಇನ್ನೊಬ್ಬನು ಸಾಕಿ ಫಲವನ್ನು ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಕಡಸನ್ನೋ ಕುರಿಯನ್ನೋ ‘ವಾರಕ್ಕೆ’ ಅಥವಾ ‘ಪಾಲಿಗೆ’ ಕೊಡುವ ಪದ್ಧತಿಯನ್ನು ಅನೇಕ ಓದುಗರು ಬಲ್ಲರು. ಪ್ರಾಣಿ ಒಬ್ಬನದು, ಮೇವು, ನೀರು, ಆರೈಕೆ ಇನ್ನೊಬ್ಬನದು. ಹುಟ್ಟಿದ ಮರಿಗಳನ್ನು ಸರದಿಯಂತೆ ಹಂಚಿಕೊಳ್ಳುವುದೂ, ಮಾರಿದಾಗ ಬಂದ ಲಾಭವನ್ನು ಸಮಪಾಲು ಮಾಡುವುದೂ ಉಂಟು. ಊರಿನಿಂದ ಊರಿಗೆ ಕರಾರು ಬೇರೆ.

ಈ ಕರಾರಿಗೆ ಸಾಮಾನ್ಯವಾಗಿ ಪತ್ರವೇ ಇರುವುದಿಲ್ಲ. ಇದ್ದರೂ ಅದರ ಬಲ ಪತ್ರದಲ್ಲಿಲ್ಲ. ಒಡೆಯನು ಸಂಜೆ ಬೀದಿಯಲ್ಲಿ ನಿಂತರೆ ತನ್ನ ಕಡಸು ಮೇದು ಬರುವುದನ್ನು ಕಾಣುತ್ತಾನೆ. ಅದು ಗಬ್ಬವಾದುದು, ಈದುದು, ಕಾಯಿಲೆ ಬಿದ್ದುದು ಯಾವುದೂ ಅವನಿಂದ ಮರೆಯಾಗಿರುವುದಿಲ್ಲ. ಒಡೆಯನಿಗೂ ದನಕ್ಕೂ ನಡುವೆ ಇರುವ ಅಂತರ ಕೂಗಳತೆಯಷ್ಟು. ಈ ಅಂತರವು ಸಾವಿರ ಮೈಲಿಗೆ ಏರಿದಾಗ ಕಣ್ಣಿನ ಕೆಲಸವನ್ನು ಕಾಗದವು ಮಾಡಬೇಕಾಗುತ್ತದೆ. ಅಮೆರಿಕದ ಪಾಲುದಾರಿಕೆಗಳ ರಚನೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಒಂದೊಂದು ಅಂಗದ ಉದ್ದೇಶವೂ ಸ್ಪಷ್ಟವಾಗುತ್ತದೆ.

ಪಾಲುದಾರಿಕೆಯ ರಚನೆ

ಅಮೆರಿಕದ ಕಾನೂನಿನಲ್ಲಿ ‘ಸೀಮಿತ ಪಾಲುದಾರಿಕೆ’ ಎಂಬ ಒಂದು ವ್ಯವಸ್ಥೆ ಇದೆ. ಅಲ್ಲಿನ ರಾಜ್ಯಗಳು ಬಹುಮಟ್ಟಿಗೆ ಏಕರೂಪವಾದ ನಿಯಮಗಳನ್ನು ಅನುಸರಿಸಲೆಂದು ೧೯೧೬ರಲ್ಲಿ ಇದಕ್ಕೊಂದು ಮಾದರಿ ಕಾನೂನನ್ನು ರಚಿಸಲಾಯಿತು. ಈ ಪಾಲುದಾರಿಕೆಯಲ್ಲಿ ಎರಡು ಬಗೆಯ ಪಾಲುದಾರರಿರುತ್ತಾರೆ. ಪೂರ್ಣ ಹೊಣೆಯ ಪಾಲುದಾರನು ವ್ಯವಹಾರವನ್ನು ನಡೆಸುತ್ತಾನೆ. ಸಾಲ ಮೇಲೆ ಬಿದ್ದರೆ ಅವನ ಸ್ವಂತ ಆಸ್ತಿಯೂ ಅದಕ್ಕೆ ಗುರಿಯಾಗುತ್ತದೆ. ಸೀಮಿತ ಹೊಣೆಯ ಪಾಲುದಾರರು ಹಣ ಕೊಡುವವರು. ಕೊಟ್ಟ ಹಣಕ್ಕಿಂತ ಹೆಚ್ಚಿನ ನಷ್ಟ ಅವರನ್ನು ತಟ್ಟದು. ಆದರೆ ಈ ರಕ್ಷಣೆಗೆ ಪ್ರತಿಯಾಗಿ ಅವರು ಆಡಳಿತದಲ್ಲಿ ಕೈಹಾಕುವಂತಿಲ್ಲ. ಸುರಕ್ಷಿತವಾಗಿರಬೇಕಾದರೆ ದೂರವಿರಬೇಕು ಎಂಬುದೇ ಈ ಕಾನೂನಿನ ಹುರುಳು. ಹಣ ಹಾಕಿದವನು ದನವನ್ನು ಕಾಣದಿರುವುದಕ್ಕೆ ಮೊದಲ ಕಾರಣ ಇಲ್ಲಿಯೇ ಇದೆ.

ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಕಂಪನಿಯು ತನ್ನ ಲಾಭಕ್ಕೆ ತಾನೇ ತೆರಿಗೆ ಕೊಡುತ್ತದೆ. ಇಂತಹ ಪಾಲುದಾರಿಕೆ ವರಮಾನ ತೆರಿಗೆಯನ್ನು ಕೊಡುವುದಿಲ್ಲ. ಅದರ ಲಾಭನಷ್ಟಗಳು ಪಾಲಿನ ಪ್ರಮಾಣದಲ್ಲಿ ಪಾಲುದಾರರ ಸ್ವಂತ ಲೆಕ್ಕಕ್ಕೆ ಹರಿದುಹೋಗುತ್ತವೆ. ವೈದ್ಯನೊಬ್ಬನು ಇದರಲ್ಲಿ ಪಾಲುದಾರನಾದರೆ, ಮಂದೆಯ ನಷ್ಟವನ್ನು ತನ್ನ ವೈದ್ಯವೃತ್ತಿಯ ಆದಾಯದಲ್ಲಿ ಕಳೆದು ತೋರಿಸಲು ಒಂದು ಕಾಲದಲ್ಲಿ ಅವಕಾಶವಿತ್ತು. ಇದರ ಪರಿಣಾಮವನ್ನು ಮುಂದೆ ಹೇಳುತ್ತೇವೆ.

ವ್ಯವಹಾರದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ದನಗಳನ್ನು ಬಲ್ಲ ಪ್ರವರ್ತಕನೊಬ್ಬನು ಪಾಲುದಾರಿಕೆಯನ್ನು ಸ್ಥಾಪಿಸಿ, ತಾನೇ ಪೂರ್ಣ ಹೊಣೆಯ ಪಾಲುದಾರನಾಗುತ್ತಾನೆ. ಪಾಲುಗಳನ್ನು ಮಾರಿ ಹಣ ಕೂಡಿಸುತ್ತಾನೆ. ಈ ಹಣದಿಂದ ಪಾಲುದಾರಿಕೆ ತಳಿಯ ಹಸುಗಳನ್ನು ಕೊಳ್ಳುತ್ತದೆ. ಅನೇಕ ವೇಳೆ ಪ್ರವರ್ತಕನ ಮಂದೆಯಿಂದಲೇ ಕೊಳ್ಳುತ್ತದೆ. ಬೆಲೆಯ ಒಂದಂಶ ಮಾತ್ರ ರೊಕ್ಕವಾಗಿ ಸಂದು, ಉಳಿದುದಕ್ಕೆ ಪ್ರಾಮಿಸರಿ ನೋಟು ಬರೆಯುವುದೂ ಉಂಟು. ಕೊಂಡ ಹಸುಗಳನ್ನು ಮೇಯಿಸಿ ನೋಡಿಕೊಳ್ಳುವ ಗುತ್ತಿಗೆಯೂ ಪ್ರವರ್ತಕನ ಇನ್ನೊಂದು ಸಂಸ್ಥೆಗೇ ಹೋಗುತ್ತದೆ. ಅದಕ್ಕೆ ತಲೆಗಿಷ್ಟು ಎಂದು ಕೂಲಿ. ಕೆಲವು ವರ್ಷಗಳ ನಂತರ, ಹೆಚ್ಚಿದ ಮಂದೆಯನ್ನು ಮಾರಿ, ನೋಟಿನ ಸಾಲ ತೀರಿಸಿ, ಉಳಿದುದನ್ನು ಹಂಚಿಕೊಂಡು ಪಾಲುದಾರಿಕೆಯನ್ನು ಮುಚ್ಚಬೇಕೆಂಬುದು ಯೋಜನೆ.

ಇಲ್ಲಿ ಮಾರುವವನು, ಕೊಳ್ಳುವವರ ಪರವಾಗಿ ಸಹಿ ಹಾಕುವವನು, ಸಾಕುವವನು, ಸಾಕಿದ್ದಕ್ಕೆ ಲೆಕ್ಕ ಬರೆಯುವವನು ಹೀಗೆ ನಾಲ್ಕು ಪಾತ್ರಗಳೂ ಒಬ್ಬನೇ ಮನುಷ್ಯನಲ್ಲಿ ಕೂಡಿಕೊಳ್ಳಬಲ್ಲವು. ಪ್ರವರ್ತಕನು ಪ್ರಾಮಾಣಿಕನಾದರೆ ಇದರಿಂದ ಖರ್ಚು ಕಡಿಮೆಯಾಗುತ್ತದೆ. ಅಲ್ಲದಿದ್ದರೆ ಅವನನ್ನು ತಡೆಯುವವರೇ ಇರುವುದಿಲ್ಲ.

ಮಂದೆಯ ಆಡಳಿತ

ಸುವ್ಯವಸ್ಥಿತವಾದ ತಳಿಮಂದೆಯಲ್ಲಿ ಪ್ರತಿಯೊಂದು ಪ್ರಾಣಿಗೂ ಒಂದು ಗುರುತಿರುತ್ತದೆ: ಕಿವಿಯ ಬಿಲ್ಲೆ, ಕಿವಿಯ ಒಳಮೈಯಲ್ಲಿ ಹಚ್ಚೆ, ಅಥವಾ ಚರ್ಮದ ಮೇಲೆ ಬರೆಯ ಮುದ್ರೆ. ಶುದ್ಧ ತಳಿಯ ಪ್ರಾಣಿಗೆ ತಳಿ ಸಂಘದ ವಂಶಾವಳಿ ಗ್ರಂಥದಲ್ಲಿ ದಾಖಲೆಯೂ ಇರುತ್ತದೆ. ಇಂತಹ ಗ್ರಂಥಗಳಲ್ಲಿ ಮೊದಲನೆಯದು ಇಂಗ್ಲೆಂಡಿನ ಶಾರ್ಟ್‌ಹಾರ್ನ್ ತಳಿಗಾಗಿ ಜಾರ್ಜ್ ಕೋಟ್ಸ್ ಎಂಬಾತನು ೧೮೨೨ರಲ್ಲಿ ಪ್ರಕಟಿಸಿದ್ದು. ಮಾಂಸಕ್ಕಾಗಿ ಮಾರುವ ಹಸುವಿಗಿಂತ ತಳಿಗಾಗಿ ಮಾರುವ ಹಸುವಿನ ಬೆಲೆ ಹೆಚ್ಚು. ಆ ಹೆಚ್ಚಳಕ್ಕೆ ಆಧಾರ ಈ ದಾಖಲೆ.

ವರ್ಷವರ್ಷವೂ ಹಸುಗಳನ್ನು ಪರೀಕ್ಷಿಸಿ, ಗೊಡ್ಡು ಬಿದ್ದವನ್ನೂ ಮುದಿಯಾದವನ್ನೂ ಬೇರ್ಪಡಿಸಿ ಮಾರುತ್ತಾರೆ. ಅವುಗಳ ಸ್ಥಾನವನ್ನು ಉತ್ತಮವಾದ ಕಡಸುಗಳು ತುಂಬುತ್ತವೆ. ಉಳಿದ ಕಡಸುಗಳೂ ಹೋರಿಗರುಗಳೂ ಮಾರಾಟಕ್ಕೆ ಹೋಗುತ್ತವೆ. ಕೃತಕ ಗರ್ಭಧಾರಣೆಯಿಂದ ಒಂದು ಒಳ್ಳೆಯ ಹೋರಿಯ ಸಂತತಿ ಸಾವಿರಾರು ಆಗಬಹುದು. ಹಸುವಿನ ವಿಷಯ ಹಾಗಲ್ಲ. ಅದರ ಗರ್ಭಾವಧಿ ಸುಮಾರು ೨೮೩ ದಿನ. ಭ್ರೂಣ ವರ್ಗಾವಣೆಯಂತಹ ದುಬಾರಿ ವಿಧಾನಗಳನ್ನು ಬಿಟ್ಟರೆ, ಒಂದು ಹಸುವಿನಿಂದ ವರ್ಷಕ್ಕೊಂದು ಕರುವಿಗಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ. ಮಂದೆಯ ಬೆಳವಣಿಗೆಯ ವೇಗಕ್ಕೆ ಪ್ರಕೃತಿಯೇ ಹಾಕಿರುವ ಕಡಿವಾಣವಿದು.

ವೃದ್ಧಿಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ೧೦೦ ಹಸುಗಳಿಂದ ಪ್ರಾರಂಭಿಸೋಣ. ಎಲ್ಲ ಹಸುಗಳೂ ಪ್ರತಿ ವರ್ಷವೂ ಈಯುತ್ತವೆ. ಕರುಗಳಲ್ಲಿ ಅರ್ಧ ಹೆಣ್ಣು. ಹೆಣ್ಣುಗರು ಎರಡು ವರ್ಷಕ್ಕೆ ತಾನೂ ಈಯುತ್ತದೆ. ಒಂದೂ ಸಾಯುವುದಿಲ್ಲ, ಒಂದನ್ನೂ ಮಾರುವುದಿಲ್ಲ ಎಂದು ಭಾವಿಸೋಣ. ಆಗ ಯಾವುದೇ ವರ್ಷ ಈಯುವ ಹಸುಗಳ ಸಂಖ್ಯೆ ಹಿಂದಿನ ವರ್ಷದ ಸಂಖ್ಯೆಗೆ ಅದರ ಹಿಂದಿನ ವರ್ಷದ ಸಂಖ್ಯೆಯ ಅರ್ಧವನ್ನು ಕೂಡಿಸಿದಷ್ಟು. ಗಣಿತದ ವಿದ್ಯಾರ್ಥಿಗಳು ಇಲ್ಲಿ ೧೨೦೨ರಲ್ಲಿ ಫಿಬೊನಾಚಿ ಹಾಕಿದ ಮೊಲಗಳ ಲೆಕ್ಕದ ದಾಯಾದಿಯನ್ನು ಗುರುತಿಸಬಹುದು.

ಮೊದಲ ಎರಡು ವರ್ಷ ೧೦೦, ೧೦೦ ಇದ್ದ ಸಂಖ್ಯೆ ಅನಂತರ ೧೫೦, ೨೦೦, ೨೭೫, ೩೭೫ ಎಂದು ಏರುತ್ತ, ಹತ್ತು ವರ್ಷ ಕಳೆಯುವ ವೇಳೆಗೆ ೧,೭೮೪ ಆಗುತ್ತದೆ. ಒಂದು ವರ್ಷದ ಸಂಖ್ಯೆಗೂ ಅದರ ಹಿಂದಿನ ವರ್ಷದ ಸಂಖ್ಯೆಗೂ ಇರುವ ಪ್ರಮಾಣ ಕ್ರಮೇಣ ೧.೩೬೬ ಎಂಬ ಸ್ಥಿರಾಂಕಕ್ಕೆ ಬಂದು ನಿಲ್ಲುತ್ತದೆ. ಅಂದರೆ ವರ್ಷಕ್ಕೆ ನೂರಕ್ಕೆ ೩೬ಕ್ಕೂ ಮಿಕ್ಕ ಚಕ್ರಬಡ್ಡಿ! ಯಾವ ಬ್ಯಾಂಕು ಇಷ್ಟು ಕೊಟ್ಟೀತು?

ಇನ್ನು ಬಯಲಿಗೆ ಹೋಗೋಣ. ಅಲ್ಲಿ ೧೦೦ ಹಸುಗಳಿಗೆ ೮೦ ಕರುಗಳು ಹಾಲು ಬಿಡುವವರೆಗೆ ಬದುಕಿದವೆನ್ನೋಣ. ಅವುಗಳಲ್ಲಿ ಹೆಣ್ಣು ೪೦. ಸತ್ತವನ್ನೂ ತಳಿಗೆ ತಕ್ಕವಲ್ಲದವನ್ನೂ ಕಳೆದರೆ ಮಂದೆಗೆ ಸೇರುವವು ೩೦. ಈಯುವ ಹಸುಗಳಲ್ಲಿ ವರ್ಷಕ್ಕೆ ನೂರಕ್ಕೆ ೧೫ ಸಾವಿನಿಂದಲೋ ಮುಪ್ಪಿನಿಂದಲೋ ಹೊರಬೀಳುತ್ತವೆ. ಇವು ಯಾವುದೂ ದುರಂತದ ಸಂಖ್ಯೆಗಳಲ್ಲ. ಸಾಧಾರಣ ಮಂದೆಗೆ ಒಪ್ಪುವ ಊಹೆಗಳು. ಆದರೂ ಹತ್ತು ವರ್ಷಗಳ ಕೊನೆಗೆ ನಮಗೆ ಸಿಗುವುದು ಸುಮಾರು ೨೪೭ ಹಸುಗಳು ಮಾತ್ರ. ಮೊದಲ ಲೆಕ್ಕದ ಏಳನೆಯ ಒಂದು ಪಾಲಿಗೂ ಇದು ಕಡಿಮೆ.

ಇದಕ್ಕೂ ಮುಂದೆ ಒಂದು ಹೆಜ್ಜೆ ಇದೆ. ದನಗಳಿಗೆ ಹುಲ್ಲು, ಉಪ್ಪು, ಔಷಧಿ ಬೇಕು. ಕಾಯುವವರಿಗೆ ಸಂಬಳ ಬೇಕು. ಈ ಖರ್ಚಿಗಾಗಿ, ಮಂದೆಗೆ ಸೇರಬೇಕಾದ ೩೦ ಕಡಸುಗಳಲ್ಲಿ ೧೫ನ್ನು ಮಾರಬೇಕಾಯಿತು ಎನ್ನೋಣ. ಆಗ ಸೇರುವವು ೧೫, ಹೊರಬೀಳುವವು ೧೫. ಮಂದೆ ಬೆಳೆಯುವುದೇ ಇಲ್ಲ. ಪ್ರಾರಂಭದ ವರ್ಷಗಳಲ್ಲಿ ಸ್ವಲ್ಪ ಕುಗ್ಗಿ ಸುಮಾರು ೮೭ ಹಸುಗಳಲ್ಲಿ ನಿಂತುಬಿಡುತ್ತದೆ.

ಪ್ರಾರಂಭದ ೧೦೦ ಹಸುಗಳು ಅವೇ. ಆದರೆ ಹತ್ತು ವರ್ಷಗಳ ಮೇಲೆ ನಮ್ಮ ಮುಂದೆ ೧,೭೮೪, ೨೪೭, ೮೭ ಎಂಬ ಮೂರು ಉತ್ತರಗಳಿವೆ. ಪಾಲು ಮಾರುವವನ ಕರಪತ್ರ ಮೊದಲನೆಯ ಉತ್ತರದತ್ತ ವಾಲುವುದು ಸಹಜ. ಸತ್ಯವು ಎಲ್ಲಿದೆ ಎಂಬುದನ್ನು ಸಮೀಕರಣ ಹೇಳಲಾರದು. ಅದನ್ನು ಎಣಿಸಿಯೇ ತಿಳಿಯಬೇಕು.

ಸ್ಕಾಟ್‌ಲೆಂಡಿನ ಹಣ, ವಯೋಮಿಂಗಿನ ಹಿಮ

ಈ ಪಾಠವನ್ನು ಅಮೆರಿಕದ ಪಶ್ಚಿಮದ ಬಯಲುಗಳು ೧೮೮೦ರ ದಶಕದಲ್ಲಿಯೇ ಕಲಿಸಿದ್ದವು. ಆಗ ಅಲ್ಲಿ ಬೇಲಿಯಿಲ್ಲದ ಸರ್ಕಾರಿ ಹುಲ್ಲುಗಾವಲುಗಳಲ್ಲಿ ಲಕ್ಷಾಂತರ ದನಗಳು ಮೇಯುತ್ತಿದ್ದವು. ಹುಲ್ಲು ಪುಕ್ಕಟೆ, ದನ ತಾನಾಗಿ ಹೆಚ್ಚುತ್ತದೆ, ಆದುದರಿಂದ ಲಾಭ ನಿಶ್ಚಯ ಎಂಬ ನಂಬಿಕೆ ಹಬ್ಬಿತು. ಜೇಮ್ಸ್ ಬ್ರಿಸ್ಬಿನ್ ಎಂಬ ಸೇನಾಧಿಕಾರಿ ೧೮೮೧ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಬಯಲುಸೀಮೆಯಲ್ಲಿ ಶ್ರೀಮಂತನಾಗುವುದು ಹೇಗೆಂಬುದನ್ನೇ ವಿವರಿಸುತ್ತಿತ್ತು. ಸ್ಕಾಟ್‌ಲೆಂಡಿನ ಡಂಡೀ ಮತ್ತು ಎಡಿನ್‌ಬರೊ ನಗರಗಳ ಉಳಿತಾಯದ ಹಣ ಸಾಗರವನ್ನು ದಾಟಿತು. ೧೮೮೨ರಲ್ಲಿ ಡಂಡೀಯಲ್ಲಿ ಮ್ಯಾಟಡಾರ್ ಕಂಪನಿ, ೧೮೮೩ರಲ್ಲಿ ಎಡಿನ್‌ಬರೊದಲ್ಲಿ ಸ್ವಾನ್ ಕಂಪನಿ ಸ್ಥಾಪಿತವಾದವು. ಇವು ಪಾಲುದಾರಿಕೆಗಳಲ್ಲ, ಷೇರು ಕಂಪನಿಗಳು. ಆದರೆ ಒಡೆಯನಿಗೂ ದನಕ್ಕೂ ನಡುವಣ ಅಂತರದ ಸಮಸ್ಯೆ ಎರಡರಲ್ಲಿಯೂ ಒಂದೇ.

ಆ ಕಾಲದಲ್ಲಿ ಮಂದೆಗಳನ್ನು ‘ಪುಸ್ತಕದ ಎಣಿಕೆ’ಯ ಮೇಲೆ ಮಾರುವ ರೂಢಿಯಿತ್ತು. ನೂರಾರು ಚದರ ಮೈಲಿಗಳಲ್ಲಿ ಚದರಿದ ದನಗಳನ್ನು ಕೂಡಿಹಾಕಿ ಎಣಿಸುವುದು ಕಷ್ಟ. ಆದುದರಿಂದ ಮೊದಲು ಬಿಟ್ಟ ದನಗಳ ಸಂಖ್ಯೆಗೆ ವರ್ಷವರ್ಷವೂ ಇಷ್ಟು ಕರು ಹುಟ್ಟಿರಬೇಕೆಂದು ಕೂಡಿಸಿ, ಮಾರಿದುದನ್ನು ಕಳೆದು, ಸಾವಿಗೆಂದು ಒಂದು ಸಣ್ಣ ಅಂಶವನ್ನು ತೆಗೆದು, ಉಳಿದುದೇ ಮಂದೆ ಎಂದು ಬರೆಯುತ್ತಿದ್ದರು. ಮೇಲೆ ನಾವು ಹಾಕಿದ ಮೊದಲ ಲೆಕ್ಕದ ಜಾತಿಗೆ ಇದು ಸೇರಿದುದೆಂದು ಬೇರೆ ಹೇಳಬೇಕಾಗಿಲ್ಲ. ಲೆಕ್ಕದಲ್ಲಿ ಒಂದು ವರ್ಷ ಸೇರಿದ ಚಿಕ್ಕ ತಪ್ಪು ಮರುವರ್ಷ ತಾನೂ ಕರು ಹಾಕುತ್ತದೆ. ಇಲ್ಲದ ಹಸುವಿಗೂ ಪುಸ್ತಕದಲ್ಲಿ ಸಂತಾನ ಹೆಚ್ಚುತ್ತ ಹೋಗುತ್ತದೆ.

೧೮೮೬ರ ಬೇಸಿಗೆಯಲ್ಲಿ ಮಳೆ ಕಡಿಮೆಯಾಯಿತು. ಮಿತಿಮೀರಿ ಮೇಯಿಸಿದ ಬಯಲುಗಳಲ್ಲಿ ಹುಲ್ಲು ಬರಿದಾಗಿತ್ತು. ಅದರ ಬೆನ್ನಿಗೇ ಬಂದ ಚಳಿಗಾಲದಲ್ಲಿ, ಅದರಲ್ಲೂ ೧೮೮೭ರ ಜನವರಿಯಲ್ಲಿ, ಹಿಮದ ಬಿರುಗಾಳಿಗಳು ವಯೋಮಿಂಗ್, ಮೊಂಟಾನ, ಡಕೋಟ ಪ್ರದೇಶಗಳನ್ನು ಮುಚ್ಚಿದವು. ಹಸಿದು ಸೊರಗಿದ ದನಗಳು ಹಿಮದಡಿಯ ಹುಲ್ಲನ್ನು ಮುಟ್ಟಲಾರದೆ ಗುಂಪುಗುಂಪಾಗಿ ಸತ್ತವು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟರ ಡಕೋಟದ ಮಂದೆಯೂ ಭಾರಿ ನಷ್ಟಕ್ಕೆ ಗುರಿಯಾಯಿತು. ಚಿಂತಾಕ್ರಾಂತರಾದ ದನದ ವ್ಯಾಪಾರಿಗಳಿಗೆ ಶೈಯೆನ್ ನಗರದ ಮದ್ಯದಂಗಡಿಯವನೊಬ್ಬನು, ಹಿಮ ಎಷ್ಟು ಬಿದ್ದರೇನು, ನಿಮ್ಮ ಪುಸ್ತಕಗಳು ಹೆಪ್ಪುಗಟ್ಟುವುದಿಲ್ಲವಲ್ಲ ಎಂದು ಸಮಾಧಾನ ಹೇಳಿದನೆಂದು ಒಂದು ಕಥೆ ಪ್ರಚಾರದಲ್ಲಿದೆ. ವಸಂತದಲ್ಲಿ ದನಗಳನ್ನು ಕೂಡಿಹಾಕಿದಾಗ ಪುಸ್ತಕಕ್ಕೂ ಬಯಲಿಗೂ ಇದ್ದ ಅಂತರ ಬೆಳಕಿಗೆ ಬಂತು. ಹಿಮದಲ್ಲಿ ಸತ್ತವು ಅನೇಕ. ಎಂದೂ ಹುಟ್ಟದೆ ಪುಸ್ತಕದಲ್ಲಿ ಮಾತ್ರ ಬದುಕಿದ್ದವೂ ಅನೇಕ. ಸ್ವಾನ್ ಕಂಪನಿಯ ಆಡಳಿತ ೧೮೮೭ರಲ್ಲಿ ನ್ಯಾಯಾಲಯ ನೇಮಿಸಿದ ರಿಸೀವರರ ಕೈಸೇರಿತು. ಮ್ಯಾಟಡಾರ್ ಕಂಪನಿಯಾದರೋ ತನ್ನ ಒಡೆತನದ ನೆಲವನ್ನೂ ಬೇಲಿಯನ್ನೂ ನೆಚ್ಚಿಕೊಂಡು ೧೯೫೧ರವರೆಗೆ ಬಾಳಿತು.

ತೆರಿಗೆಯ ಪಾತ್ರ

ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣಿಗರನ್ನು ಮತ್ತೆ ದನದ ಕಡೆಗೆ ಎಳೆದುದು ಲಾಭದ ಆಸೆ ಎನ್ನುವುದಕ್ಕಿಂತ ತೆರಿಗೆಯ ಭಾರ. ೧೯೬೫ರಿಂದ ೧೯೮೧ರವರೆಗೆ ಅಮೆರಿಕದ ವರಮಾನ ತೆರಿಗೆಯ ಅತ್ಯುನ್ನತ ದರ ನೂರಕ್ಕೆ ೭೦ ಇತ್ತು. ದನ ಸಾಕುವ ಖರ್ಚನ್ನು ಆಯಾ ವರ್ಷದ ಆದಾಯದಲ್ಲಿಯೇ ಕಳೆಯಬಹುದಾಗಿತ್ತು. ಆದರೆ ಸಾಕಿದ ತಳಿಹಸುವನ್ನು ಮಾರಿ ಬಂದ ಲಾಭವನ್ನು ಬಂಡವಾಳದ ಲಾಭವೆಂದು ಪರಿಗಣಿಸಿ ಕಡಿಮೆ ದರದ ತೆರಿಗೆ ಹಾಕುತ್ತಿದ್ದರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ೧೯೬೦ರ ದಶಕದ ಉತ್ತರಾರ್ಧದಲ್ಲಿ ಅತ್ಯುನ್ನತ ದರದ ತೆರಿಗೆದಾರನೊಬ್ಬನು ಮಂದೆಗಾಗಿ ೧೦,೦೦೦ ಡಾಲರು ಖರ್ಚು ಮಾಡಿದನೆನ್ನೋಣ. ಇದನ್ನು ಆದಾಯದಲ್ಲಿ ಕಳೆದುದರಿಂದ ಅವನಿಗೆ ೭,೦೦೦ ಡಾಲರು ತೆರಿಗೆ ಉಳಿಯಿತು. ಅವನ ಕೈಯಿಂದ ಹೋದುದು ೩,೦೦೦ ಮಾತ್ರ. ಮುಂದೆ ಬೆಳೆದ ಹಸುಗಳು ೧೦,೦೦೦ ಡಾಲರಿಗೇ ಮಾರಾಟವಾದವು. ಬಂಡವಾಳದ ಲಾಭದ ಮೇಲಿನ ತೆರಿಗೆ ಆಗ ಹೆಚ್ಚೆಂದರೆ ನೂರಕ್ಕೆ ೨೫, ಅಂದರೆ ೨,೫೦೦. ಅವನ ಕೈಗೆ ಬಂದುದು ೭,೫೦೦. ದನದ ವ್ಯಾಪಾರದಲ್ಲಿ ಹಾಕಿದಷ್ಟೇ ಬಂದಿತು, ಒಂದು ಡಾಲರೂ ಲಾಭವಾಗಲಿಲ್ಲ. ಆದರೂ ಅವನು ೪,೫೦೦ ಡಾಲರು ಗಳಿಸಿದ.

ಭೌತಶಾಸ್ತ್ರದಲ್ಲಿ ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ. ಎಲ್ಲಿಯಾದರೂ ಹೆಚ್ಚಾದರೆ ಬೇರೆಲ್ಲಿ ಕಡಿಮೆಯಾಯಿತೆಂದು ಹುಡುಕುತ್ತೇವೆ. ಇಲ್ಲಿಯೂ ಹಾಗೆ ಹುಡುಕಿದರೆ ಈ ೪,೫೦೦ ಡಾಲರು ಹಸುವಿನಿಂದ ಬಂದುದಲ್ಲ, ಸರ್ಕಾರದ ಬೊಕ್ಕಸದಿಂದ ಬಂದುದೆಂದು ತಿಳಿಯುತ್ತದೆ. ಇದರಿಂದ ಒಂದು ವಿಪರೀತ ಪರಿಣಾಮವಾಯಿತು. ಹಣ ಹಾಕಿದವನಿಗೆ ಮಂದೆ ಬೆಳೆಯಿತೇ ಎಂಬ ಕುತೂಹಲ ಕಡಿಮೆಯಾಯಿತು. ಕಾಗದದ ಮೇಲೆ ನಷ್ಟ ಕಾಣಿಸಿದರೆ ಸಾಕಾಯಿತು.

ಶಾಸಕರು ಈ ಸೋರಿಕೆಯನ್ನು ಹಂತಹಂತವಾಗಿ ಮುಚ್ಚಿದರು. ಬಂಡವಾಳದ ಲಾಭದ ಸೌಲಭ್ಯ ದೊರೆಯಬೇಕಾದರೆ ದನವನ್ನು ಇಟ್ಟುಕೊಂಡಿರಬೇಕಾದ ಅವಧಿಯನ್ನು ೧೯೬೯ರ ಕಾನೂನು ೧೨ರಿಂದ ೨೪ ತಿಂಗಳಿಗೆ ಏರಿಸಿತು. ೧೯೭೬ರ ಕಾನೂನು, ನಿಜವಾಗಿ ಅಪಾಯಕ್ಕೊಡ್ಡಿದ ಹಣಕ್ಕಿಂತ ಹೆಚ್ಚಿನ ನಷ್ಟವನ್ನು ಕಳೆಯಕೂಡದೆಂದಿತು. ೧೯೮೬ರ ಕಾನೂನು, ತಾನು ದುಡಿಯದ ವ್ಯವಹಾರದ ನಷ್ಟವನ್ನು ಸಂಬಳದಲ್ಲಿಯೋ ವೃತ್ತಿಯ ಆದಾಯದಲ್ಲಿಯೋ ಕಳೆಯುವುದನ್ನು ಬಹುಮಟ್ಟಿಗೆ ತಡೆಯಿತು. ಅಲ್ಲಿಗೆ ಈ ಬಗೆಯ ಪಾಲುದಾರಿಕೆಗಳ ಮುಖ್ಯ ಆಕರ್ಷಣೆ ಮುಗಿಯಿತು.

ಇಲ್ಲದ ಹಸುಗಳು

ಇಂತಹ ವ್ಯವಸ್ಥೆ ಎಷ್ಟು ಕೆಡಬಹುದೆಂಬುದಕ್ಕೆ ಒರೆಗಾನ್ ರಾಜ್ಯದ ವಾಲ್ಟರ್ ಜೆ. ಹಾಯ್ಟ್ ಎಂಬಾತನ ಪ್ರಕರಣ ಸಾಕ್ಷಿ. ಅವನದು ಶಾರ್ಟ್‌ಹಾರ್ನ್ ದನಗಳನ್ನು ಸಾಕುತ್ತಿದ್ದ ಮನೆತನ. ಸುಮಾರು ೧೯೭೧ರಿಂದ ೧೯೯೮ರವರೆಗೆ ಅವನು ೧೦೦ಕ್ಕೂ ಮಿಕ್ಕಿ ಪಾಲುದಾರಿಕೆಗಳನ್ನು ಸ್ಥಾಪಿಸಿದ. ದನಗಳನ್ನು ಪಾಲುದಾರಿಕೆಗಳಿಗೆ ಮಾರಿದವನು ಅವನೇ. ಪೂರ್ಣ ಹೊಣೆಯ ಪಾಲುದಾರನೂ ಅವನೇ. ಮಂದೆಯನ್ನು ನೋಡಿಕೊಂಡುದು ಅವನ ಸಂಸ್ಥೆ. ಪಾಲುದಾರರ ಸ್ವಂತ ತೆರಿಗೆಯ ಪತ್ರಗಳನ್ನು ಸಿದ್ಧಪಡಿಸುತ್ತಿದ್ದುದೂ ಅವನ ಕಚೇರಿಯೇ. ಅವನಲ್ಲಿ ಹಣ ಹಾಕಿದವರಲ್ಲಿ ಸಂಬಳವನ್ನೇ ನಂಬಿದ ಸಾಮಾನ್ಯ ಜನರು ಬಹುಮಂದಿ. ತೆರಿಗೆಯಿಂದ ವಾಪಸು ಬಂದ ಹಣದ ಹೆಚ್ಚಿನ ಭಾಗ ಪಾಲಿನ ಕಂತಾಗಿ ಅವನಿಗೇ ಸಲ್ಲುತ್ತಿತ್ತು.

೧೯೮೯ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಹಿಂದಿನ ಕೆಲವು ವರ್ಷಗಳ ಮಟ್ಟಿಗೆ ಈ ಪಾಲುದಾರಿಕೆಗಳ ಪರವಾಗಿ ತೀರ್ಪು ಕೊಟ್ಟಿತು. ತೀರ್ಪಿಗೆ ಆಧಾರವಾದುದು ಮುಂದಿಟ್ಟ ದಾಖಲೆಗಳು, ದಾಖಲೆಗಳಲ್ಲಿ ದನಗಳಿದ್ದವು. ಈ ತೀರ್ಪನ್ನು ಕಂಡು ಪಾಲುದಾರರ ನಂಬಿಕೆ ಬಲವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ತೆರಿಗೆ ಇಲಾಖೆ ಬಿಡಲಿಲ್ಲ. ದಾಖಲೆಗಳಲ್ಲಿದ್ದ ದನಗಳು ನಿಜವಾಗಿಯೂ ಇವೆಯೇ ಎಂಬ ಪ್ರಶ್ನೆ ಮುಂದಕ್ಕೆ ಬಂತು. ಪಾಲುದಾರಿಕೆಗಳಿಗೆ ಮಾರಿದುದಾಗಿ ಬರೆದಿದ್ದ ಸಂಖ್ಯೆಗಿಂತ ಇದ್ದ ದನಗಳು ಬಹಳ ಕಡಿಮೆ ಎಂಬುದೂ, ಇದ್ದವುಗಳ ಬೆಲೆಯನ್ನು ಅತಿಯಾಗಿ ಹಿಗ್ಗಿಸಿ ಬರೆದಿತ್ತೆಂಬುದೂ ಹೊರಬಿದ್ದವು. ೨೦೦೦ದಲ್ಲಿ ತೆರಿಗೆ ನ್ಯಾಯಾಲಯದ ತೀರ್ಪು ಈ ಪಾಲುದಾರಿಕೆಗಳಿಗೆ ವಿರುದ್ಧವಾಯಿತು. ೨೦೦೧ರಲ್ಲಿ ಹಾಯ್ಟನು ವಂಚನೆಯ ಅಪರಾಧಿ ಎಂದು ಜ್ಯೂರಿ ನಿರ್ಣಯಿಸಿತು. ಅವನಿಗೆ ೨೩೫ ತಿಂಗಳ ಸೆರೆಮನೆಯನ್ನೂ ೧೦ ಕೋಟಿ ೨೦ ಲಕ್ಷ ಡಾಲರುಗಳ ಪರಿಹಾರವನ್ನೂ ವಿಧಿಸಲಾಯಿತು.

ಪಾಲುದಾರರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಅವರು ಕಳೆದು ತೋರಿಸಿದ್ದ ನಷ್ಟಗಳು ತಿರಸ್ಕೃತವಾದುದರಿಂದ, ಹಿಂದಿನ ವರ್ಷಗಳ ತೆರಿಗೆಯನ್ನು ಬಡ್ಡಿಸಹಿತ, ಎಷ್ಟೋ ಮಂದಿ ದಂಡಸಹಿತ ಕಟ್ಟಬೇಕಾಯಿತು. ಹಾಕಿದ ಹಣವಂತೂ ಆಗಲೇ ಹೋಗಿತ್ತು. ಮಂದೆಯ ವೃದ್ಧಿಯಂತೆ ಬಡ್ಡಿಯೂ ಚಕ್ರಗತಿಯಲ್ಲಿ ಬೆಳೆಯುತ್ತದೆ. ಅದಕ್ಕೆ ಬರವಾಗಲಿ ಹಿಮವಾಗಲಿ ತಟ್ಟುವುದಿಲ್ಲ.

ಎಣಿಸುವ ಬಗೆ

ಹಾಗಾದರೆ ದೂರದ ಮಂದೆಯನ್ನು ಪರೀಕ್ಷಿಸುವುದು ಹೇಗೆ? ನೇರವಾದ ಮಾರ್ಗ, ಎಲ್ಲವನ್ನೂ ಕೂಡಿಹಾಕಿ ಒಂದು ಕಿರುದಾರಿಯಲ್ಲಿ ಒಂದೊಂದಾಗಿ ಹಾಯಿಸಿ ಎಣಿಸುವುದು. ಇಲ್ಲಿ ಎಚ್ಚರ ಬೇಕು. ಮಂದೆ ಹಲವು ಕಡೆಗಳಲ್ಲಿದ್ದರೆ, ಇಂದು ಇಲ್ಲಿ ಎಣಿಸಿದ ದನಗಳನ್ನೇ ನಾಳೆ ಅಲ್ಲಿಗೆ ಸಾಗಿಸಿ ಮತ್ತೆ ತೋರಿಸಲು ಸಾಧ್ಯ. ಆದುದರಿಂದ ಎಲ್ಲೆಡೆ ಒಂದೇ ದಿನ 


ಎಣಿಸಬೇಕು, ಇಲ್ಲವೆ ಎಣಿಸಿದುದಕ್ಕೆಲ್ಲ ಗುರುತು ಹಾಕಬೇಕು.

ಎಲ್ಲವನ್ನೂ ಕೂಡಿಹಾಕಲಾಗದಿದ್ದಲ್ಲಿ ವನ್ಯಜೀವಿ ಶಾಸ್ತ್ರಜ್ಞರು ಬಳಸುವ ಒಂದು ಉಪಾಯವಿದೆ. ೨೦೦ ದನಗಳನ್ನು ಹಿಡಿದು ಬಣ್ಣದ ಗುರುತು ಹಾಕಿ ಬಿಡಬೇಕು. ಅವು ಮಂದೆಯಲ್ಲಿ ಚೆನ್ನಾಗಿ ಬೆರೆತ ಮೇಲೆ ಯಾದೃಚ್ಛಿಕವಾಗಿ ೧೫೦ನ್ನು ನೋಡಿದಾಗ ಗುರುತಿನವು ೩೦ ಇದ್ದುವೆನ್ನೋಣ. ಅಂದರೆ ಐದಕ್ಕೊಂದು ಗುರುತಿನದು. ಆದುದರಿಂದ ೨೦೦ ಎಂಬುದು ಮಂದೆಯ ಐದನೆಯ ಒಂದು ಪಾಲು. ಒಟ್ಟು ಸಂಖ್ಯೆ ಸುಮಾರು ೧,೦೦೦.

ಮೂರನೆಯದು ಹುಲ್ಲಿನ ಲೆಕ್ಕ. ದೊಡ್ಡ ಹಸುವೊಂದು ದಿನಕ್ಕೆ ಸುಮಾರು ೧೧ ಕಿಲೋಗ್ರಾಮ್ ಒಣಮೇವಿಗೆ ಸಮನಾದ ಆಹಾರವನ್ನು ತಿನ್ನುತ್ತದೆ. ವರ್ಷಕ್ಕೆ ೪ ಟನ್ನು. ಪುಸ್ತಕದಲ್ಲಿ ೧,೭೮೪ ಹಸುಗಳಿದ್ದರೆ ಅವಕ್ಕೆ ೭,೦೦೦ ಟನ್ನಿಗೂ ಮಿಕ್ಕಿದ ಮೇವು ಬೇಕು. ಅಷ್ಟನ್ನು ಬೆಳೆಯುವ ನೆಲವಿದೆಯೆ? ಇಲ್ಲವಾದರೆ ಕೊಂಡ ಮೇವಿನ ರಸೀತಿಗಳಿವೆಯೆ? ಎರಡೂ ಇಲ್ಲದಿದ್ದರೆ ಹಸುಗಳೂ ಇಲ್ಲವೆಂದೇ ತಿಳಿಯಬೇಕು. ಒಂದು ರಾಶಿಯನ್ನು ಪರಸ್ಪರ ಸಂಬಂಧವಿಲ್ಲದ ಎರಡು ಮಾರ್ಗಗಳಿಂದ ಅಳೆದು ತಾಳೆ ನೋಡುವುದು ಪ್ರಯೋಗಶಾಲೆಯಲ್ಲಿ ನಾವೆಲ್ಲ ಕಲಿಯುವ ನಿಯಮ. ಅದು ಇಲ್ಲಿಯೂ ಸಲ್ಲುತ್ತದೆ.

ಗುರುತಿನ ತಂತ್ರ ಈಚೆಗೆ ಸುಧಾರಿಸಿದೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸಾಗುವ ಕೆಲವು ವರ್ಗದ ದನಗಳಿಗೆ ಅಧಿಕೃತ ಕಿವಿಬಿಲ್ಲೆ ಹಾಕುವುದಾದರೆ ಅದು ಕಣ್ಣಿಗೂ ವಿದ್ಯುನ್ಮಾನ ಯಂತ್ರಕ್ಕೂ ಓದಲು ಬರುವಂತಿರಬೇಕೆಂಬ ನಿಯಮ ೨೦೨೪ರ ನವೆಂಬರಿನಲ್ಲಿ ಜಾರಿಗೆ ಬಂತು. ನಮ್ಮ ಹಳ್ಳಿಗಳ ಹಸುಗಳ ಕಿವಿಯಲ್ಲಿಯೂ ೧೨ ಅಂಕಿಗಳ ಹಳದಿ ಬಿಲ್ಲೆಯನ್ನು ಓದುಗರು ಕಂಡಿರಬಹುದು. ಬಿಲ್ಲೆಯ ಸಂಖ್ಯೆ ಮಾತ್ರ ಇದ್ದರೆ ಸಾಲದು. ಆ ಬಿಲ್ಲೆಯನ್ನು ಹೊತ್ತ ಕಿವಿಯೂ ಇದೆಯೆಂದು ಯಾರಾದರೂ ಹೋಗಿ ನೋಡಬೇಕು.

ಹಲವರ ಹಣವನ್ನು ಕೂಡಿಸಿ, ದಿನನಿತ್ಯದ ಆಡಳಿತದಲ್ಲಿ ಅವರಿಗೆ ಕೈಯಿಲ್ಲದಂತೆ ನಡೆಸುವ ಯೋಜನೆಗಳನ್ನು ನಮ್ಮ ದೇಶದಲ್ಲಿ ‘ಸಾಮೂಹಿಕ ಹೂಡಿಕೆ ಯೋಜನೆ’ ಎಂದು ಕರೆಯುತ್ತಾರೆ. ಇವುಗಳನ್ನು ಷೇರುಪೇಟೆಯ ನಿಯಂತ್ರಕ ಮಂಡಲಿಯಾದ ‘ಸೆಬಿ’ ೧೯೯೯ರ ನಿಯಮಗಳ ಪ್ರಕಾರ ನಿಯಂತ್ರಿಸುತ್ತದೆ. ದನ, ಮೇಕೆ, ತೋಟ ಯಾವುದರ ಹೆಸರಿನಲ್ಲಿ ಪಾಲು ಮಾರಲು ಬಂದರೂ, ನೋಂದಣಿ ಇದೆಯೆ, ಮಾರುವವನೂ ಸಾಕುವವನೂ ಒಬ್ಬನೇಯೆ, ಸ್ವತಂತ್ರರಾದವರು ಎಣಿಸಿದ್ದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ವಿವೇಕ.

ವಿದ್ಯಾರ್ಥಿಗಳು ಈ ಲೇಖನದ ಲೆಕ್ಕವನ್ನು ತಮ್ಮ ಊರಿನಲ್ಲಿಯೇ ಪರೀಕ್ಷಿಸಿ ನೋಡಬಹುದು. ಹತ್ತು ಮನೆಗಳ ಹಸುಗಳನ್ನು ಆರಿಸಿಕೊಂಡು, ಒಂದು ಕರುವಿಗೂ ಮುಂದಿನ ಕರುವಿಗೂ ನಡುವೆ ಎಷ್ಟು ತಿಂಗಳು, ಹುಟ್ಟಿದವುಗಳಲ್ಲಿ ಹೆಣ್ಣೆಷ್ಟು, ಬದುಕಿದವೆಷ್ಟು, ಮಾರಿದವೆಷ್ಟು ಎಂದು ಕೇಳಿ ಬರೆದುಕೊಳ್ಳಲಿ. ಆ ಸಂಖ್ಯೆಗಳನ್ನು ನಮ್ಮ ಸಮೀಕರಣದಲ್ಲಿ ಹಾಕಿ ಐದು ವರ್ಷಗಳ ಹಿಂದಿನಿಂದ ಇಂದಿನವರೆಗೆ ಲೆಕ್ಕ ಹಾಕಲಿ. ಅನಂತರ ಆ ಹತ್ತು ಕೊಟ್ಟಿಗೆಗಳಿಗೂ ಹೋಗಿ ಹಸುಗಳನ್ನು ಎಣಿಸಲಿ. ಎರಡು ಸಂಖ್ಯೆಗಳೂ ಕೂಡಿಬಂದರೆ ಸಂತೋಷ. ಬಾರದಿದ್ದರೆ, ಏಕೆ ಬರಲಿಲ್ಲ ಎಂದು ಹುಡುಕುವುದರಲ್ಲಿ ಕಲಿಯುವುದು ಇನ್ನೂ ಹೆಚ್ಚು.